ಗಾಳಕ್ಕಿಂತ ಮೊದಲು ಥರ್ಮಾಮೀಟರ್

ಆಗಸ್ಟ್ ತಿಂಗಳ ಒಂದು ಸಂಜೆ, ಏಳೂವರೆ ಗಂಟೆ. ಮೊಂಟಾನಾದ ಒಂದು ಹೊಳೆ. ಹಗಲಿಡೀ ಸುಟ್ಟ ಬಿಸಿಲು ಗುಡ್ಡದ ಹಿಂದೆ ಇಳಿದು, ತೋಳಿಗೆ ತಣ್ಣನೆ ಗಾಳಿ ತಾಗುತ್ತಿತ್ತು. ಮೀನು ಹಿಡಿಯಲು ಇದೇ ಸರಿಯಾದ ಹೊತ್ತು ಅಂದುಕೊಂಡು ನೀರಿಗಿಳಿದೆ. ಹತ್ತೇ ನಿಮಿಷಕ್ಕೆ ಮೊಳದುದ್ದದ ರೇನ್‌ಬೋ ಟ್ರೌಟ್ ಸಿಕ್ಕಿತು. ಹೊಸಬನ ಹುಮ್ಮಸ್ಸು ನೋಡಿ, ಐದಾರು ನಿಮಿಷ ಆಡಿಸಿದೆ, ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡೆ, ಆಮೇಲೆ ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ಮೀನು ಎರಡು ಸಲ ಬಾಲ ಆಡಿಸಿ ಪಕ್ಕಕ್ಕೆ ವಾಲಿತು. ಬಿಳಿ ಹೊಟ್ಟೆ ಮೇಲಾಯಿತು. ನನ್ನ ಮೊಣಕಾಲಿಗೆ ಒಮ್ಮೆ ತಾಗಿ, ಸೆಳವಿನ ಜೊತೆ ತೇಲಿಹೋಯಿತು.

ತಪ್ಪೆಲ್ಲಾಯಿತು ಎಂದು ಗೊತ್ತಾದದ್ದು ಮಾರನೆಯ ದಿನ, ಫ್ಲೈ ಮಾರುವ ಅಂಗಡಿಯಲ್ಲಿ. ಗಲ್ಲಾದಲ್ಲಿದ್ದ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ: “ನೀರು ಎಷ್ಟು ಡಿಗ್ರಿ ಇತ್ತು?” ಗೊತ್ತಿಲ್ಲ, ಗಾಳಿಯಂತೂ ತಂಪಾಗಿತ್ತು ಎಂದೆ. “ಮೀನು ಗಾಳಿಯಲ್ಲಿ ಇರೋದಿಲ್ಲವಲ್ಲ” ಎಂದರು. ಅವತ್ತು ಅಲ್ಲಿಂದ ತಂದ ಬೆರಳುದ್ದದ ಥರ್ಮಾಮೀಟರ್ ಇವತ್ತಿಗೂ ನನ್ನ ಅಂಗಿಗೆ ನೇತಾಡುತ್ತದೆ.

ಬೇಸಗೆ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಊರಿನಿಂದ ಬಂದ ಅಪ್ಪ ಅಮ್ಮ ಇರುತ್ತಾರೆ, ಯೆಲ್ಲೋಸ್ಟೋನ್ ಕಡೆಗೊಂದು ಪ್ರವಾಸವೂ ಇರುತ್ತದೆ. ರಾಕಿ ಪರ್ವತಗಳ ಹೊಳೆಗಳಲ್ಲಿ ಫ್ಲೈ ಫಿಶಿಂಗ್ ಮಾಡುವವರನ್ನು ಕಂಡು ‘ನಾವೂ ಒಂದು ಕೈ ನೋಡೋಣ’ ಅನ್ನಿಸುವುದು ಸಹಜ. ಸಲಕರಣೆ ಬಾಡಿಗೆಗೆ ಸಿಗುತ್ತದೆ, ಅರ್ಧ ದಿನದಲ್ಲಿ ಎಸೆಯಲು ಕಲಿಯಬಹುದು. ಕಲಿಯಲು ಹೊತ್ತು ಹಿಡಿಯುವುದು ಬೇರೆಯೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ನೀರಿಗೆ, ಯಾವ ಹೊತ್ತಿನಲ್ಲಿ ಇಳಿಯಬೇಕು, ಯಾವಾಗ ಸುತ್ತಿಟ್ಟು ಎದ್ದುಬಿಡಬೇಕು ಎಂಬುದು.

ಎರೆಹುಳು ಇಲ್ಲದ ಗಾಳ

ತುಂಗೆಯ ದಡದಲ್ಲಿ ಬೆಳೆದ ನನಗೆ ಗಾಳವೆಂದರೆ ಬಿದಿರು ಕೋಲು, ದಾರ, ಬೆಂಡು, ಎರೆಹುಳು. ಇಲ್ಲಿ ಎರೆಹುಳುವಿಲ್ಲ. ಕೊಕ್ಕೆಯ ಸುತ್ತ ಹಕ್ಕಿಗರಿ, ಪ್ರಾಣಿಯ ಕೂದಲು, ನೂಲು ಸುತ್ತಿ ಹುಳುವಿನ ರೂಪ ಕೊಟ್ಟಿರುತ್ತಾರೆ, ಅದೇ ಫ್ಲೈ. ಅದಕ್ಕೆ ತೂಕವೇ ಇಲ್ಲದ್ದರಿಂದ ಕಲ್ಲು ಎಸೆದ ಹಾಗೆ ಎಸೆಯಲಾಗದು. ಹಾಗಾಗಿ ತೂಕವನ್ನು ದಾರಕ್ಕೇ ಕೊಟ್ಟಿದ್ದಾರೆ. ದಪ್ಪನೆಯ ಲೈನನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಅದು ಕುಣಿಕೆಯಂತೆ ಬಿಚ್ಚಿಕೊಳ್ಳುತ್ತ ಹೋಗಿ, ತುದಿಯ ಸಣ್ಣ ಎಳೆಯಲ್ಲಿರುವ ಫ್ಲೈಯನ್ನು ನೀರ ಮೇಲೆ ಮೆಲ್ಲಗೆ ಇಳಿಸುತ್ತದೆ. ರಾಬರ್ಟ್ ರೆಡ್‌ಫೋರ್ಡ್ ನಿರ್ದೇಶಿಸಿದ 1992ರ ‘ಎ ರಿವರ್ ರನ್ಸ್ ಥ್ರೂ ಇಟ್’ ಸಿನಿಮಾ ನೋಡಿದ್ದರೆ ಆ ಬೀಸು ನೆನಪಿದ್ದೀತು.

ಎಲ್ಲ ಕಡೆಗೂ ಹೊಂದುವ ರಾಡ್ ಎಂದರೆ ಒಂಬತ್ತು ಅಡಿಯ, ಐದನೇ ನಂಬರಿನದು. ಪೊದೆ ಮುಚ್ಚಿದ ಸಣ್ಣ ಹಳ್ಳಗಳಿಗೆ ಏಳೂವರೆ ಅಡಿಯ ಮೂರನೇ ನಂಬರಿನದು ಸಾಕು. ನೀರ ಮೇಲೆ ತೇಲುವುದು ಡ್ರೈ ಫ್ಲೈ, ಮುಳುಗಿ ಸಾಗುವುದು ನಿಂಫ್. ಯಾವುದೇ ಆದರೂ ಗುಟ್ಟು ಒಂದೇ. ಹೊಳೆಗೆ ಬಿದ್ದ ಎಲೆ ಎಷ್ಟು ವೇಗವಾಗಿ ಹೋಗುತ್ತದೋ ಫ್ಲೈ ಕೂಡ ಅಷ್ಟೇ ವೇಗದಲ್ಲಿ ಹೋಗಬೇಕು. ದಾರ ಜಗ್ಗಿ ಅದು ಅಡ್ಡಕ್ಕೆ ಹರಿದರೆ ಟ್ರೌಟ್ ತಿರುಗಿಯೂ ನೋಡದು.

ಬಿಸಿಲೇರಿದರೆ ನೀರೇರುವ ಹೊಳೆಗಳು

ನಮ್ಮ ಹೊಳೆಗಳು ಮೇ ತಿಂಗಳಲ್ಲಿ ಬಡಕಲಾಗಿ, ಜುಲೈನಲ್ಲಿ ಉಕ್ಕುತ್ತವೆ. ರಾಕಿ ಪರ್ವತಗಳಲ್ಲಿ ಇದು ತಿರುಗಾಮುರುಗಾ. ಚಳಿಗಾಲದಲ್ಲಿ ಬಿದ್ದ ಹಿಮ ಏಪ್ರಿಲ್‌ನಿಂದ ಕರಗತೊಡಗಿ, ಮೇ ಕೊನೆಯಿಂದ ಜೂನ್ ಮಧ್ಯದ ಹೊತ್ತಿಗೆ ಹೊಳೆ ತುಂಬಿ ಹರಿಯುತ್ತದೆ. ಒಂದು ಹನಿ ಮಳೆ ಇಲ್ಲದೆಯೂ, ಬಿಸಿಲು ಚುರುಕಾದಷ್ಟೂ ನೀರು ಏರುತ್ತದೆ. ಬಣ್ಣ ಹಾಲು ಹೆಚ್ಚಾದ ಚಹಾದಂತೆ. ಆಗ ನೀರಿಗಿಳಿಯುವುದು ಅಪಾಯ, ಮೀನಿಗೆ ಫ್ಲೈ ಕಾಣಿಸುವುದೂ ಇಲ್ಲ.

ಜೂನ್ ಕೊನೆ, ಜುಲೈ ಮೊದಲ ವಾರದಲ್ಲಿ ನೀರು ಇಳಿದು ತಿಳಿಯಾಗುತ್ತದೆ. ಅಲ್ಲಿಂದ ಮುಂದಿನ ಮೂರ್ನಾಲ್ಕು ವಾರ ಹೊಸಬರಿಗೆ ಹಬ್ಬ. ನೀರು ಧಾರಾಳ, ತಂಪು ಹಿತ, ಹುಳುಗಳು ಹೇರಳ. ಆಗಸ್ಟ್‌ನಲ್ಲಿ ಹರಿವು ಸಣ್ಣದಾಗಿ, ನೀರು ಕನ್ನಡಿಯಷ್ಟು ತಿಳಿಯಾಗಿ, ಬೆಚ್ಚಗಾಗುತ್ತದೆ; ಮೀನು ಬೆದರುವುದು ಜಾಸ್ತಿ. ಸೆಪ್ಟೆಂಬರ್‌ನಲ್ಲಿ ರಾತ್ರಿಗಳು ಚಳಿ ಹಿಡಿದು ಹೊಳೆ ಮತ್ತೆ ತಣ್ಣಗಾಗುತ್ತದೆ.

ಈ ಏರಿಳಿತವನ್ನು ಮನೆಯಲ್ಲಿ ಕೂತೇ ನೋಡಬಹುದು. ಕೆ.ಆರ್.ಎಸ್. ಒಳಹರಿವು ಎಷ್ಟು ಸಾವಿರ ಕ್ಯುಸೆಕ್ ಎಂದು ಪತ್ರಿಕೆಯಲ್ಲಿ ಓದುವವರಿಗೆ ಇದು ಹೊಸತಲ್ಲ. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆ ಹೊಳೆಹೊಳೆಗೂ ಮಾಪಕ ಇಟ್ಟು, ಹರಿವನ್ನು ಇದೇ ಕ್ಯುಸೆಕ್ ಲೆಕ್ಕದಲ್ಲಿ ದಿನಕ್ಕೆ ಹತ್ತಾರು ಬಾರಿ ಪ್ರಕಟಿಸುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅಂಕಿಗಿಂತ ಗೆರೆಯ ಓಟ ಮುಖ್ಯ. ಗೆರೆ ಮೂರ್ನಾಲ್ಕು ದಿನದಿಂದ ಮೆಲ್ಲಗೆ ಇಳಿಯುತ್ತಿದ್ದರೆ ಹೊರಡಿ. ಒಮ್ಮೆಲೇ ಎದ್ದಿದ್ದರೆ ಮೇಲೆಲ್ಲೋ ಗುಡುಗು ಮಳೆ ಸುರಿದಿದೆ, ಕೆಸರು ಬರುತ್ತಿದೆ. ಆ ದಿನದ ವಾಡಿಕೆಯ ಹರಿವಿಗಿಂತ ಬಹಳ ಕೆಳಗಿದ್ದರೆ ನೀರು ಬೇಗ ಬಿಸಿಯಾಗುತ್ತದೆ ಎಂದು ತಿಳಿಯಿರಿ. ಹಲವು ಮಾಪಕಗಳು ನೀರಿನ ಉಷ್ಣತೆಯನ್ನೂ ತೋರಿಸುತ್ತವೆ.

ಇಪ್ಪತ್ತರ ಗೆರೆ

ಟ್ರೌಟ್ ತಣ್ಣೀರಿನ ಮೀನು. ನೀರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದು ಚುರುಕಾಗಿ ತಿನ್ನುತ್ತದೆ, ಓಡಾಡುತ್ತದೆ. 18 ದಾಟಿದಾಗ ನಾವು ಎಚ್ಚರವಾಗಬೇಕು. 20ಕ್ಕೆ, ಅಂದರೆ ಅಮೆರಿಕದವರ ಲೆಕ್ಕದ 68 ಫ್ಯಾರನ್‌ಹೀಟ್‌ಗೆ, ನಿಲ್ಲಿಸಬೇಕು. 25ರ ಸುಮಾರಿಗೆ ಅದರ ಜೀವಕ್ಕೇ ಕುತ್ತು.

ಕಾರಣ ಉಸಿರು. ಬಿಸಿನೀರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಲಾರದು. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 11.3 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 20 ಡಿಗ್ರಿಯಲ್ಲಿ ಅದು 9.1ಕ್ಕೆ ಇಳಿಯುತ್ತದೆ. ಬೆಟ್ಟದ ಮೇಲೆ ಗಾಳಿಯೇ ತೆಳುವಾದ್ದರಿಂದ ಇನ್ನೂ ಕಡಿಮೆ. ಇತ್ತ ನೀರು ಬಿಸಿಯಾದಷ್ಟೂ ಮೀನಿನ ಮೈಗೆ ಆಮ್ಲಜನಕ ಹೆಚ್ಚು ಬೇಕು. ಆದಾಯ ಇಳಿದು ಖರ್ಚು ಏರಿದ ಮನೆಯಂಥ ಸ್ಥಿತಿ. ಅಂಥ ಹೊತ್ತಿನಲ್ಲಿ ಕೊಕ್ಕೆಗೆ ಸಿಕ್ಕಿಸಿ ಐದು ನಿಮಿಷ ಓಡಿಸಿದರೆ, ಬಿಟ್ಟ ಮೇಲೂ ಅದು ಚೇತರಿಸಿಕೊಳ್ಳದು. ಕೆಲವು ಸಲ ಈಜಿಕೊಂಡು ಹೋದಂತೆ ಕಂಡರೂ ಮರೆಯಲ್ಲಿ ಸಾಯುತ್ತದೆ.

ಅಳೆಯುವುದು ಸುಲಭ, ಆದರೆ ಸರಿಯಾಗಿ ಅಳೆಯಬೇಕು. ದಡದ ನಿಂತ ನೀರು ಬೇಡ. ಹರಿಯುವ ನೀರಿನಲ್ಲಿ, ಮೊಣಕಾಲು ಆಳದಲ್ಲಿ, ನೆರಳಿರುವ ಕಡೆ ಒಂದೆರಡು ನಿಮಿಷ ಮುಳುಗಿಸಿ ಹಿಡಿಯಿರಿ. ಗಂಟೆಗೊಮ್ಮೆ ಮತ್ತೆ ನೋಡಿ. ಒಂದು ಗಂಟೆಯಲ್ಲಿ ಎಷ್ಟು ಏರಿತು ಎಂದು ತಿಳಿದರೆ ನಿಮ್ಮ ಪಾಲಿನ ಹೊತ್ತು ಇನ್ನೆಷ್ಟಿದೆ ಎಂದು ಲೆಕ್ಕ ಸಿಗುತ್ತದೆ.

ಹೊಳೆಯ ಗಡಿಯಾರ

ನನ್ನನ್ನು ಮೋಸಗೊಳಿಸಿದ್ದು ಸಂಜೆಯ ಗಾಳಿ. ಸೂರ್ಯ ಇಳಿದ ಕೂಡಲೇ ಗಾಳಿ ತಣ್ಣಗಾಗುತ್ತದೆ. ಹೊಳೆ ಹಾಗಲ್ಲ; ಹಗಲಿಡೀ ಕಾದ ಕಲ್ಲು ಮತ್ತು ನೀರು ಕಾವನ್ನು ಕೂಡಿಟ್ಟುಕೊಂಡಿರುತ್ತವೆ. ಒಲೆ ಆರಿಸಿದ ಮೇಲೂ ಹಂಡೆಯ ನೀರು ಬಿಸಿಯಾಗೇ ಇರುವಂತೆ. ಸಾಮಾನ್ಯವಾಗಿ ಸಂಜೆ ನಾಲ್ಕರಿಂದ ಆರರ ನಡುವೆ ಹೊಳೆಯ ಕಾವು ತುದಿ ಮುಟ್ಟುತ್ತದೆ. ಆಮೇಲೆ ರಾತ್ರಿಯಿಡೀ ಇಳಿದು, ಸೂರ್ಯ ಹುಟ್ಟುವ ಹೊತ್ತಿಗೆ ಅತ್ಯಂತ ತಂಪಾಗಿರುತ್ತದೆ.

ಆದ್ದರಿಂದ ಸೆಖೆಗಾಲದ ಸೂತ್ರ ಸರಳ. ಬೆಳಕು ಹರಿಯುವಾಗ ಶುರು ಮಾಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿ. ಮೊಂಟಾನಾದಲ್ಲಿ ಇದಕ್ಕೆ ಕಾನೂನಿನ ಬಲವೂ ಇದೆ. ಹೊಳೆಯ ನೀರು ಸತತ ಮೂರು ದಿನ 73 ಫ್ಯಾರನ್‌ಹೀಟ್, ಅಂದರೆ ಸುಮಾರು 23 ಡಿಗ್ರಿ ಮುಟ್ಟಿದರೆ, ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಅಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸುವ ಅಧಿಕಾರ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಗೆ ಇದೆ. ಜನ ಇದನ್ನು ‘ಹೂಟ್ ಔಲ್’ ಎನ್ನುತ್ತಾರೆ. ಬೇಸಗೆಯ ಕಾಳ್ಗಿಚ್ಚಿನ ಭಯಕ್ಕೆ ಮರ ಕಡಿಯುವವರು ಗೂಬೆ ಕೂಗುವ ನಸುಕಿನಲ್ಲೇ ಕೆಲಸ ಮುಗಿಸುತ್ತಿದ್ದುದರಿಂದ ಬಂದ ಹೆಸರು. ನಿಷೇಧ ನಡುರಾತ್ರಿಯವರೆಗೂ ಏಕೆ ಎಂದು ಈಗ ನಿಮಗೇ ಅರ್ಥವಾದೀತು. ಕೊಲೊರಾಡೊದಲ್ಲಿ ಬಹಳ ಸಲ ಇದು ಕಾನೂನಾಗಿರದೆ ಕೋರಿಕೆಯಾಗಿ ಬರುತ್ತದೆ. ಪಾಲಿಸುವುದು ನಮ್ಮ ಮರ್ಯಾದೆಗೆ ಬಿಟ್ಟದ್ದು.

ನೀರಿನ ಕಾವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ ಎಂಬುದಕ್ಕೆ 2016ರ ಆಗಸ್ಟ್ ಸಾಕ್ಷಿ. ನೀರು ತಗ್ಗಿ ಬೆಚ್ಚಗಾಗಿದ್ದ ಯೆಲ್ಲೋಸ್ಟೋನ್ ನದಿಯಲ್ಲಿ ಮೂತ್ರಪಿಂಡಕ್ಕೆ ತಗಲುವ ಒಂದು ಪರೋಪಜೀವಿ ರೋಗ ಎದ್ದು, ಸಾವಿರಾರು ವೈಟ್‌ಫಿಶ್ ಸತ್ತು ತೇಲಿದವು. ಮೊಂಟಾನಾ ಸರ್ಕಾರ ನದಿಯ 183 ಮೈಲಿ ಉದ್ದವನ್ನು ಮೀನುಗಾರಿಕೆಗೂ ದೋಣಿಗೂ ಈಜಿಗೂ ಮುಚ್ಚಬೇಕಾಯಿತು.

ಎಲ್ಲಿಗೆ ಹೋಗಬೇಕು?

ಸೆಖೆ ಹೆಚ್ಚಾದಾಗ ಮೂರು ದಾರಿಗಳಿವೆ.

ಮೊದಲನೆಯದು, ಮೇಲಕ್ಕೆ ಹತ್ತುವುದು. ಸಾವಿರ ಮೀಟರ್ ಏರಿದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಕಣಿವೆಯ ದೊಡ್ಡ ನದಿ ಬಿಸಿಯಾದಾಗ, ಕಾಡಿನ ನೆರಳಲ್ಲಿ ಇಳಿಯುವ ಸಣ್ಣ ಹಳ್ಳಗಳು ನಡುಹಗಲಲ್ಲೂ ಕಾಲು ಮರಗಟ್ಟಿಸುತ್ತವೆ. ಮೀನುಗಳು ಗೇಣುದ್ದವಿದ್ದಾವು, ಆದರೆ ಅವುಗಳಿಗೆ ಗರ್ವ ಕಡಿಮೆ. ಹೊಸಬರ ಒರಟು ಎಸೆತಕ್ಕೂ ಬಾಯಿ ಹಾಕುತ್ತವೆ. ಬಂಡೆಯ ಹಿಂದಿನ ಕೈಯಗಲದ ನಿಂತ ನೀರು, ಬೇರಿನ ಕೆಳಗಿನ ಗುಂಡಿ, ನೊರೆಯ ಗೆರೆಯ ಅಂಚು, ಇವು ಅವುಗಳ ಮನೆ. ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಮೀನು ಸೆಳವಿಗೆ ಮುಖ ಮಾಡಿ ನಿಂತಿರುವುದರಿಂದ ನೀವು ಅದರ ಬೆನ್ನ ಹಿಂದೆ ಇರುತ್ತೀರಿ.

ಎರಡನೆಯದು, ಅಣೆಕಟ್ಟಿನ ಕೆಳಗಿನ ನೀರು. ಜಲಾಶಯದ ತಳದಿಂದ ಬಿಡುವ ನೀರು ಬೇಸಗೆಯಲ್ಲೂ ಕೊರೆಯುತ್ತದೆ. ಮೊಂಟಾನಾದ ಯೆಲ್ಲೋಟೇಲ್ ಅಣೆಕಟ್ಟಿನ ಕೆಳಗಿನ ಬಿಗ್‌ಹಾರ್ನ್ ನದಿ, ಕೊಲೊರಾಡೊದ ರುಯಿಡೈ ಜಲಾಶಯದ ಕೆಳಗಿನ ಫ್ರೈಯಿಂಗ್‌ಪ್ಯಾನ್ ಇಂಥವು. ಜನಜಂಗುಳಿ ಇದ್ದೇ ಇರುತ್ತದೆ.

ಮೂರನೆಯದು, ಒರತೆಯಿಂದ ಹುಟ್ಟುವ ತೊರೆಗಳು. ನೆಲದೊಳಗಿನಿಂದ ಬರುವ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ತಂಪು. ಆದರೆ ಹಲವು ಖಾಸಗಿ ಜಾಗದಲ್ಲಿದ್ದು ದಿನಕ್ಕಿಷ್ಟು ಎಂದು ಶುಲ್ಕ ಕೊಡಬೇಕು, ಅಲ್ಲಿನ ಮೀನುಗಳೂ ಪಳಗಿದ ಜಾಣರು.

ಯೆಲ್ಲೋಸ್ಟೋನ್ ಉದ್ಯಾನದೊಳಗೆ ಒಂದು ವಿಚಿತ್ರ ಪಾಠವಿದೆ. ಫೈರ್‌ಹೋಲ್ ನದಿಗೆ ಓಲ್ಡ್ ಫೇತ್‌ಫುಲ್ ಸುತ್ತಲಿನ ಬಿಸಿನೀರ ಬುಗ್ಗೆಗಳು ಬಂದು ಸೇರುತ್ತವೆ. ಒಂದು ದಡದಲ್ಲಿ ಹಬೆ ಏಳುತ್ತಿರುತ್ತದೆ, ನಡುವೆ ಟ್ರೌಟ್ ನೆಗೆಯುತ್ತಿರುತ್ತದೆ. ಜೂನ್‌ನಲ್ಲಿ ಬೇರೆ ನದಿಗಳೆಲ್ಲ ಕೆಸರಾಗಿರುವಾಗ ಇದು ಸೊಗಸು. ಜುಲೈ ಬಂತೆಂದರೆ ಕೆಲವು ದಿನ 25 ಡಿಗ್ರಿಯನ್ನೂ ದಾಟುತ್ತದೆ, ಮೀನುಗಳು ತಣ್ಣನೆಯ ಉಪತೊರೆಗಳಿಗೆ ಗುಳೆ ಹೋಗುತ್ತವೆ. ಆಗ ಉದ್ಯಾನದ ಈಶಾನ್ಯ ಮೂಲೆಗೆ ಹೋಗಿ. ಲಮಾರ್ ನದಿ, ಸ್ಲೂ ಕ್ರೀಕ್, ಸೋಡಾ ಬ್ಯೂಟ್ ಕ್ರೀಕ್ ಜುಲೈ ಮಧ್ಯದ ಹೊತ್ತಿಗೆ ತಿಳಿಯಾಗಿರುತ್ತವೆ. ಲಮಾರ್ ಮಾತ್ರ ಒಂದು ಗುಡುಗು ಮಳೆಗೇ ಕೆಂಪಾಗುವ ಜಾತಿಯದು.

ಭಾರತದಲ್ಲೇ ಟ್ರೌಟ್ ಹುಡುಕುವವರು ಹಿಮಾಚಲದ ತೀರ್ಥನ್ ಕಣಿವೆಗೆ ಹೋಗುವುದುಂಟು. ಥರ್ಮಾಮೀಟರಿನ ಲೆಕ್ಕ ಅಲ್ಲೂ ಇದೇ, ಪಂಚಾಂಗ ಬೇರೆ. ಜುಲೈ, ಆಗಸ್ಟ್‌ನಲ್ಲಿ ಮುಂಗಾರು ಹೊಳೆಯನ್ನು ಕದಡಿಬಿಡುತ್ತದೆ.

ಯಾವ ಹುಳು?

ಜೂನ್ ಕೊನೆಗೆ ದೊಡ್ಡ ನದಿಗಳಲ್ಲಿ ಸಾಲ್ಮನ್‌ಫ್ಲೈ ಏಳುತ್ತದೆ. ಕಿತ್ತಳೆ ಹೊಟ್ಟೆಯ, ಕಿರುಬೆರಳಿನಷ್ಟು ಉದ್ದದ ಈ ಹುಳು ಪೊದೆಗಳಲ್ಲಿ ತೊನೆದಾಡುತ್ತದೆ. ಟ್ರೌಟ್‌ಗೆ ಅದು ಹೋಳಿಗೆ ಊಟ. ಜುಲೈನಲ್ಲಿ ತಿಳಿಹಳದಿ ಮೇಫ್ಲೈ, ಸಂಜೆ ಕ್ಯಾಡಿಸ್. ಆಗಸ್ಟ್‌ನಲ್ಲಿ ಹುಲ್ಲುಗಾವಲಿನ ಮಿಡತೆಗಳು ಗಾಳಿಗೆ ಹಾರಿ ನೀರಿಗೆ ಬೀಳುತ್ತವೆ. ಆಗ ಮಿಡತೆ ರೂಪದ ಫ್ಲೈಯನ್ನು ದಡಕ್ಕೆ ಅಂಟಿದಂತೆ ಎಸೆಯಿರಿ. ಮೆಲ್ಲಗೆ ಇಳಿಸಬೇಕಿಲ್ಲ, ಪಟ್ ಎಂದು ಬಿದ್ದರೇ ಒಳ್ಳೆಯದು. ಇರುವೆ, ಜೀರುಂಡೆಯ ರೂಪದವೂ ಜೇಬಿನಲ್ಲಿರಲಿ. ಏನೂ ತೋಚದಿದ್ದರೆ ಹೊಳೆಯ ಒಂದು ಕಲ್ಲನ್ನು ಮಗುಚಿ ನೋಡಿ. ಅಡಿಯಲ್ಲಿ ಅಂಟಿಕೊಂಡಿರುವ ಹುಳುವಿನ ಬಣ್ಣ, ಗಾತ್ರಕ್ಕೆ ಹತ್ತಿರದ ನಿಂಫ್ ಕಟ್ಟಿದರೆ ಸಾಕು. ಕಲ್ಲನ್ನು ಇದ್ದ ಹಾಗೆ ಇಡಿ.

ಹಿಡಿದು ಬಿಡುವ ಕ್ರಮ

“ಬಿಡೋದಾದ್ರೆ ಹಿಡಿಯೋದು ಯಾಕೆ?” ಎಂದು ನನ್ನ ಅಮ್ಮ ಕೇಳಿದ್ದರು. ಉತ್ತರ ನನ್ನಲ್ಲಿ ಇವತ್ತಿಗೂ ಪೂರ್ತಿ ಇಲ್ಲ. ಬಿಡುವುದೇ ಆದರೆ ಬದುಕುವ ಹಾಗೆ ಬಿಡಬೇಕು ಎಂಬುದು ಮಾತ್ರ ಗೊತ್ತು.

ಮುಳ್ಳಿಲ್ಲದ ಕೊಕ್ಕೆ ಬಳಸಿ, ಅಥವಾ ಇಕ್ಕಳದಿಂದ ಮುಳ್ಳನ್ನು ಒತ್ತಿಬಿಡಿ. ಎಳೆ ತೀರಾ ಸಣ್ಣದಿದ್ದರೆ ಮೀನನ್ನು ಹೆಚ್ಚು ಹೊತ್ತು ಆಡಿಸಬೇಕಾಗುತ್ತದೆ, ಸೆಖೆಯಲ್ಲಿ ಸ್ವಲ್ಪ ಗಟ್ಟಿ ಎಳೆಯೇ ಇರಲಿ. ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಒಣಗೈ ತಾಗಿದರೆ ಮೈಯ ಲೋಳೆ ಕಿತ್ತುಬಂದು ರೋಗ ಹತ್ತುತ್ತದೆ. ರಬ್ಬರ್ ಬಲೆಯಲ್ಲಿ, ನೀರೊಳಗೇ ಇಟ್ಟು ಕೊಕ್ಕೆ ಬಿಡಿಸಿ. ಫೋಟೊ ಬೇಕೇ ಬೇಕೆಂದರೆ ನೀವು ಉಸಿರು ಬಿಗಿಹಿಡಿದು ಮೀನನ್ನು ಎತ್ತಿ. ನಿಮಗೆ ಕಷ್ಟ ಅನ್ನಿಸುವ ಮೊದಲೇ ಇಳಿಸಿ. ಬಿಡುವಾಗ ಸೆಳವಿಗೆ ಮುಖ ಮಾಡಿ ಹಿಡಿಯಿರಿ. ಅದು ತಾನಾಗಿಯೇ ಕೈಯಿಂದ ಒದ್ದುಕೊಂಡು ಹೋಗಬೇಕು.

ನಿಯಮ, ಪರವಾನಗಿ

ಮೊಂಟಾನಾ, ಕೊಲೊರಾಡೊ, ವಯೊಮಿಂಗ್ ಪ್ರತಿ ರಾಜ್ಯಕ್ಕೂ ಬೇರೆ ಲೈಸೆನ್ಸ್. ಯೆಲ್ಲೋಸ್ಟೋನ್ ಒಳಗೆ ಇವು ಯಾವುವೂ ನಡೆಯುವುದಿಲ್ಲ. ಉದ್ಯಾನದ್ದೇ ಪರವಾನಗಿ ಬೇಕು. ಮೂರು ದಿನ, ಏಳು ದಿನ ಅಥವಾ ಇಡೀ ಋತುವಿಗೆ ಸಿಗುತ್ತದೆ. ಅಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಅವಕಾಶ. ಎರೆಹುಳು, ಸೀಸದ ಗುಂಡು, ಮುಳ್ಳಿನ ಕೊಕ್ಕೆ ನಿಷಿದ್ಧ. ದವಡೆಯ ಅಡಿ ಕೆಂಪು ಗೀರಿರುವ ಕಟ್‌ಥ್ರೋಟ್ ಟ್ರೌಟ್ ಅಲ್ಲಿನ ಮೂಲನಿವಾಸಿ, ಹಿಡಿದರೆ ಬಿಡಲೇಬೇಕು. 1889ರಿಂದ ಉದ್ಯಾನದ ನೀರಿಗೆ ಹೊರಗಿನ ಮೀನುಗಳನ್ನು ತಂದು ಬಿಟ್ಟದ್ದರ ಫಲವಾಗಿ, ಕೆಲವು ಭಾಗಗಳಲ್ಲಿ ರೇನ್‌ಬೋ, ಬ್ರೂಕ್ ಟ್ರೌಟ್ ಸಿಕ್ಕರೆ ಕೊಲ್ಲಲೇಬೇಕು ಎಂಬ ತದ್ವಿರುದ್ಧ ನಿಯಮವೂ ಇದೆ. ಆದ್ದರಿಂದ ಮೀನಿನ ಗುರುತು ಕಲಿತೇ ನೀರಿಗಿಳಿಯಿರಿ.

ತಳಕ್ಕೆ ಫೆಲ್ಟ್ ಬಟ್ಟೆಯಿರುವ ಬೂಟುಗಳನ್ನು 2018ರಿಂದ ಉದ್ಯಾನ ನಿಷೇಧಿಸಿದೆ. ಅದರಲ್ಲಿ ಉಳಿದ ಕೆಸರಿನ ಜೊತೆ ಹೊರಗಿನ ಬಸವನಹುಳು, ರೋಗಾಣು ಒಂದು ಹೊಳೆಯಿಂದ ಇನ್ನೊಂದಕ್ಕೆ ಸಾಗುತ್ತವೆ. ರಬ್ಬರ್ ತಳದ್ದು ತೆಗೆದುಕೊಂಡು, ಹೊಳೆ ಬದಲಿಸುವಾಗ ತೊಳೆದು ಒಣಗಿಸಿ.

ಇನ್ನೊಂದು ಸೂಕ್ಷ್ಮ. ಮೊಂಟಾನಾದಲ್ಲಿ ಸೇತುವೆಯ ಬಳಿ ಇಳಿದು, ನೀರಿನ ಎತ್ತರದ ಗುರುತಿನೊಳಗೆ ಉಳಿದರೆ ಖಾಸಗಿ ಜಮೀನಿನ ನಡುವೆಯೂ ಹೊಳೆಯಲ್ಲಿ ನಡೆಯಬಹುದು. ಕೊಲೊರಾಡೊದಲ್ಲಿ ಹಾಗಲ್ಲ, ಹೊಳೆಯ ತಳವೇ ಖಾಸಗಿಯಾಗಿರಬಹುದು.

ಜೀವ ಜೋಪಾನ

ರಾಕಿಯಲ್ಲಿ ಜುಲೈ, ಆಗಸ್ಟ್ ಮಧ್ಯಾಹ್ನಗಳಲ್ಲಿ ಗುಡುಗು ಸಾಮಾನ್ಯ. ಕಾರ್ಬನ್ ರಾಡ್ ವಿದ್ಯುತ್ ಹರಿಸುತ್ತದೆ. ಗುಡುಗು ಕೇಳಿದ ತಕ್ಷಣ ರಾಡ್ ಕೆಳಗಿಟ್ಟು ಕಾರಿಗೆ ಹೋಗಿ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಿರಿ. ಬಿರುಸು ನೀರಿನಲ್ಲಿ ಮೊಣಕಾಲು ದಾಟಬೇಡಿ. ಕರಡಿಗಳ ನಾಡಿನಲ್ಲಿ ಕರಡಿ ಸ್ಪ್ರೇ ಚೀಲದೊಳಗಲ್ಲ, ಸೊಂಟದಲ್ಲಿರಲಿ. ಕರಡಿ, ತೋಳಗಳಿಂದ 91 ಮೀಟರ್, ಕಾಡೆಮ್ಮೆಯಂಥ ಬೈಸನ್‌ನಿಂದ 23 ಮೀಟರ್ ದೂರ ಎಂಬುದು ಉದ್ಯಾನದ ನಿಯಮ. ಯೆಲ್ಲೋಸ್ಟೋನ್ ಸರೋವರ ಇರುವುದೇ ಮುಳ್ಳಯ್ಯನಗಿರಿಯ ತುದಿಗಿಂತ ನಾನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿ. ಊರಿನಿಂದ ಬಂದ ಹಿರಿಯರನ್ನು ಮೊದಲ ದಿನ ಜಾಸ್ತಿ ನಡೆಸಬೇಡಿ, ನೀರು ಕುಡಿಸುತ್ತಿರಿ.

ಹನ್ನೊಂದು ಮೀನು

ಕಳೆದ ಬೇಸಗೆ ಅಪ್ಪ ಅಮ್ಮ ಜೊತೆಗಿದ್ದರು. ಬೆಳಿಗ್ಗೆ ಆರಕ್ಕೆ ಹೊಳೆ 14 ಡಿಗ್ರಿ ಇದ್ದದ್ದು, ಹನ್ನೊಂದೂವರೆಗೆ 19 ಆಗಿತ್ತು. ಒಂದು ಮೀನೂ ಸಿಕ್ಕಿರಲಿಲ್ಲ. ಅಪ್ಪ ಪ್ಯಾಂಟು ಮಡಚಿ, ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟವರು ಅಷ್ಟು ದೂರದಿಂದ ಕೂಗಿದರು: “ಇಲ್ಲಿ ಬಾ ಮಾರಾಯ, ಈ ಕಾಲಿಗೆ ಬೆಚ್ಚಗೆ, ಈ ಕಾಲಿಗೆ ಕೊರೀತಾ ಉಂಟು.” ಹೋಗಿ ಥರ್ಮಾಮೀಟರ್ ಇಳಿಸಿದೆ. ಬಲಗಾಲಿನ ಪಕ್ಕ 13. ಪೊದೆಯ ಅಡಿಯಿಂದ ಒಂದು ಸಣ್ಣ ತೊರೆ ಬಂದು ಸೇರುತ್ತಿತ್ತು. ಕಣ್ಣು ಪಳಗಿದ ಮೇಲೆ ಕಂಡಿತು, ಆ ತಂಪಿನ ಪಟ್ಟಿಯೊಳಗೆ ಮೀನುಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತು ಕಿವಿರು ಬಡಿಯುತ್ತಿದ್ದವು.

ಕೈ ತಾನಾಗಿ ರಾಡ್ ಕಡೆ ಹೋಯಿತು. ಅಪ್ಪ ನೋಡಿದರು. “ಬತ್ತಿದ ಮಡುವಿನ ಮೀನು ಹಿಡಿಯೋದನ್ನ ನಮ್ಮೂರಲ್ಲಿ ಹಿಡಿಯೋದು ಅಂತಾರೇನೋ?” ಎಂದರು. ಸೆಖೆಯಲ್ಲಿ ತಣ್ಣೀರಿನ ಬಾಯಲ್ಲಿ ಸೇರಿದ ಮೀನಿಗೆ ಗಾಳ ಹಾಕಬಾರದು ಎಂಬುದನ್ನು ಇಲ್ಲಿನ ಬಲ್ಲವರೂ ಹೇಳುತ್ತಾರೆ. ಅಲ್ಲಿಂದ ಓಡಿಸಿದರೆ ಅವಕ್ಕೆ ಬೇರೆ ಜಾಗವಿಲ್ಲ.

ರಾಡ್ ಬಿಚ್ಚಿ ಚೀಲಕ್ಕೆ ಹಾಕಿದೆ. ಅಮ್ಮ ಚಪಾತಿ, ಚಟ್ನಿಪುಡಿಯ ಡಬ್ಬಿ ತೆರೆದರು. ಮೂವರೂ ಊಟ ಮಾಡುತ್ತ ಅವನ್ನೇ ನೋಡುತ್ತ ಕೂತೆವು. ಅವತ್ತು ಹಿಡಿದದ್ದು ಸೊನ್ನೆ. ಅಮ್ಮ ಎಣಿಸಿದ್ದು ಹನ್ನೊಂದು.